ಬಾಗಿಲಿಗೆ ಅಂಟಿಸಿದ ನೋಟಿಸು

"ಕೋರ್ಟು ಯಾಕೆ ಅಡ್ಡ ಬರಬೇಕು ಅಂತ ನನ್ನನ್ನೇ ಕೇಳ್ತೀಯಲ್ಲಪ್ಪ! ಮೂರು ವರ್ಷ ಬೋರ್ಡಿನ ಮುಂದೆ ನಿಂತು ನಿನಗೆ ಸಂವಿಧಾನ ಪಾಠ ಮಾಡಿದವನು ನಾನು. ಸೀಮೆಸುಣ್ಣದ ಪುಡಿ ಮೂಗಿಗೆ ಹೋಗಿದ್ದೊಂದೇ ಬಂತು ನೋಡು ಅದರಿಂದ."

ಭರಮಪ್ಪ ಮೇಷ್ಟ್ರು ಹೀಗೆ ರೇಗಿದ್ದಕ್ಕೆ ಕಾರಣ ಅವರ ಹಳೇ ಶಿಷ್ಯ ಜಯತೀರ್ಥ. ಅವನು ಈಚೆಗೆ ಪುರಸಭೆಯ ವಕೀಲನಾಗಿದ್ದ. ಪುರಸಭೆ ಒಂದು ಸಾಲು ಮನೆ ಕೆಡವಬೇಕು ಅಂತ ಹೊರಟಿತ್ತು, ಆವತ್ತು ಬೆಳಿಗ್ಗೆ ಕೋರ್ಟು ತಡೆ ಕೊಟ್ಟಿತ್ತು.

"ಆ ಮನೆಗಳು ಅಕ್ರಮ ಅಂತ ಊರಿಗೇ ಗೊತ್ತು ಸಾರ್. ಗೊತ್ತಿರೋದನ್ನೇ ಮತ್ತೆ ಕೂತು ವಿಚಾರಣೆ ಮಾಡೋದು ಯಾಕೆ?" ಅಂದ ಜಯತೀರ್ಥ.

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಕೂತ್ಕೋ. ಒಂದು ಕತೆ ಹೇಳ್ತೀನಿ" ಅಂತ ಶುರು ಮಾಡಿದರು.

ಒಂದು ಊರಿನ ಪುರಸಭೆಯಲ್ಲಿ ಒಬ್ಬ ಜವಾನ ಇದ್ದ. ನೋಟಿಸು ಅಂಟಿಸೋದು ಅವನ ಕೆಲಸ. ಮನೆಯವರು ನೋಟಿಸು ಕೈಗೆ ತಗೊಳ್ಳದಿದ್ದರೆ ಮನೆಯ ತಲೆಬಾಗಿಲಿಗೆ ಅಂಟಿಸಿ ಫೋಟೋ ತೆಗೀಬೇಕು. ಅದು ನಿಯಮ. ಜವಾನ ತನ್ನ ಕೆಲಸದಲ್ಲಿ ಬಲು ಅಚ್ಚುಕಟ್ಟು. ಮೈದಾ ಅಂಟನ್ನ ತಾನೇ ಕಾಯಿಸ್ತಿದ್ದ, ಅದಕ್ಕೆ ಚೂರು ಮೈಲುತುತ್ತ ಹಾಕ್ತಿದ್ದ, ಜಿರಳೆ ಮುಟ್ಟಬಾರದು ಅಂತ. ಅವನು ಅಂಟಿಸಿದ ನೋಟಿಸು ಸೊಟ್ಟಗಿದ್ದದ್ದನ್ನ ಯಾರೂ ನೋಡಿಲ್ಲ. ನೋಟಿಸಿನಲ್ಲಿ ಬರೆದಿರೋದು ಮಾತ್ರ ಅವನ ಜವಾಬ್ದಾರಿ ಅಲ್ಲ.

ಅದೇ ಊರಲ್ಲಿ ಇಸ್ತ್ರಿ ಮಾಡಿ ಬದುಕುವ ಒಬ್ಬಳು ಹೆಂಗಸು ಇದ್ದಳು. ಒಂದೇ ಕೋಣೆಯ ಮನೆ. ಮಾವನ ಕಾಲದಲ್ಲಿ ಸರ್ಕಾರವೇ ಕೊಟ್ಟ ಹಕ್ಕುಪತ್ರ ಒಂದು ಡಬ್ಬಿಯಲ್ಲಿತ್ತು. ಆ ಮನೆ ರಸ್ತೆ ಜಾಗದಲ್ಲಿದೆ ಅಂತ ಪುರಸಭೆಗೆ ಅನುಮಾನ ಬಂತು. ಬರಲಿ. ಅನುಮಾನ ಬಂದರೆ ಮೊದಲು ನೋಟಿಸು, ಆಮೇಲೆ ಹದಿನೈದು ದಿನ, ಆಮೇಲೆ ಅವಳ ಮಾತು ಕೇಳೋದು, ಕೆಡವೋದಿದ್ದರೆ ಎಲ್ಲದಕ್ಕಿಂತ ಕೊನೆಗೆ. ಆದರೆ ಸೋಮವಾರ ಬೇರೆ ಕೆಲಸಕ್ಕೆ ಅಂತ ಬಂದಿದ್ದ ಜೆಸಿಬಿ ಹತ್ತು ಗಂಟೆಗೇ ಕೆಲಸ ಮುಗಿಸಿ ಸುಮ್ಮನೆ ನಿಂತಿತ್ತು. ನಿಂತಿರೋ ಜೆಸಿಬಿ ನೋಡಿದರೆ ಅಧಿಕಾರಿಗೆ ಸಂಕಟ. ಹನ್ನೊಂದಕ್ಕೆಲ್ಲ ಮನೆ ನೆಲಕ್ಕೆ ಬಿತ್ತು. ಇಸ್ತ್ರಿಗೆ ಬಂದಿದ್ದ ಬಟ್ಟೆಗಳಲ್ಲಿ ಅಧಿಕಾರಿಯದ್ದೇ ಎರಡು ಪ್ಯಾಂಟಿದ್ದವು. ಅವೂ ಮಣ್ಣಿನಡಿ ಸೇರಿದವು. ಅವಕ್ಕೂ ನೋಟಿಸು ಕೊಟ್ಟಿರಲಿಲ್ಲ.

ಮಂಗಳವಾರ ಅಧಿಕಾರಿಗೆ ನಿಯಮ ನೆನಪಾಯಿತು. ಜವಾನನನ್ನ ಕರೆದು ನೋಟಿಸು ಕೊಟ್ಟ. ಅದರ ಮೇಲೆ ಹಿಂದಿನ ತಿಂಗಳ ತಾರೀಕಿತ್ತು.

"ಹೋಗಿ ಅಂಟಿಸಿ ಬಾ."

"ಎಲ್ಲಿಗೆ ಸಾರ್?"

"ಎಲ್ಲಿಗೆ ಅಂದ್ರೆ? ಬಾಗಿಲಿಗೆ!"

ಜವಾನ ಅಂಟಿನ ಡಬ್ಬಿ, ಬ್ರಷ್ಷು ತಗೊಂಡು ಹೋದ. ಅಲ್ಲಿ ಇಟ್ಟಿಗೆ ರಾಶಿ ಇತ್ತು, ರಾಶಿಯ ಮೇಲೆ ಹೆಂಗಸು ಕೂತಿದ್ದಳು. ಬಾಗಿಲೊಂದನ್ನ ಹೇಗೋ ಎಳೆದು ಈಚೆಗೆ ಹಾಕಿಕೊಂಡಿದ್ದಳು. ಜವಾನನಿಗೆ ಸಮಾಧಾನ ಆಯಿತು. ಸದ್ಯ, ಬಾಗಿಲು ಸಿಕ್ತಲ್ಲ.

"ಅಮ್ಮಾ, ಫೋಟೋ ತೆಗೀಬೇಕು. ಇದನ್ನ ಸ್ವಲ್ಪ ನೆಟ್ಟಗೆ ಎತ್ತಿ ಹಿಡ್ಕೊಳ್ತೀರಾ?"

ಫೋಟೋ ಅಂದಮೇಲೆ ಪರಿಹಾರ ಇರಬೇಕು ಅಂದುಕೊಂಡು ಅವಳು ಬಾಗಿಲಿನ ಹಿಂದೆ ನಿಂತು ಎತ್ತಿ ಹಿಡಿದಳು. ಅವನು ಅಂಟು ಬಳಿದ, ನೋಟಿಸು ಅಂಟಿಸಿದ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಸೊಟ್ಟಗಿದೆಯಾ ಅಂತ ನೋಡಿದ, ಫೋಟೋ ತೆಗೆದ. ಅವಳಿಗೆ ಓದೋಕೆ ಬರಲ್ಲ ಅಂತ ತಾನೇ ಓದಿಯೂ ಹೇಳಿದ. ಈ ನೋಟಿಸು ಮುಟ್ಟಿದ ಹದಿನೈದು ದಿನದೊಳಗೆ ದಾಖಲೆ ತೋರಿಸದಿದ್ದರೆ ನಿಮ್ಮ ಮನೆ ತೆರವು ಮಾಡಲಾಗುವುದು.

ಅವಳು ಬಾಗಿಲಿನ ಹಿಂದಿನಿಂದಲೇ ಕೇಳಿದಳು: "ಹಾಗಾದ್ರೆ ಹದಿನೈದು ದಿನ ಇರಬಹುದಾ ಸ್ವಾಮಿ?"

"ಧಾರಾಳವಾಗಿ ಇರಿ ಅಮ್ಮ. ಕಾನೂನಿದೆ" ಅಂದ ಜವಾನ.

ಹೆಂಗಸು ಉಚಿತ ಕಾನೂನು ನೆರವಿನ ವಕೀಲರನ್ನ ಹುಡುಕಿಕೊಂಡು ಹೋದಳು. ಅವರು ಕೇಸು ಹಾಕಿ, "ವಿಚಾರಣೆ ದಿನ ಅಸಲು ನೋಟಿಸು ತಗೊಂಡು ಬಾರಮ್ಮ" ಅಂದರು. ಅವಳು ಮನೆಗೆ, ಅಂದರೆ ರಾಶಿಗೆ, ಬಂದು ನೋಟಿಸು ಬಿಡಿಸೋಕೆ ನೋಡಿದಳು. ನೀರು ಹಾಕಿದಳು, ಉಗುರು ಹಾಕಿದಳು. ಜವಾನನ ಅಂಟು ಬಿಡಲಿಲ್ಲ. ಇಸ್ತ್ರಿಯ ತಳ್ಳುಗಾಡಿ ಮೇಲೆ ಬಾಗಿಲನ್ನೇ ಹೇರಿಕೊಂಡು ಕೋರ್ಟಿಗೆ ಹೋದಳು.

ಕೋರ್ಟಿನ ಪೊಲೀಸಿನವನು ತಡೆದ. "ಎಲ್ಲಿಗಮ್ಮಾ ಇದು? ಇಲ್ಲಿ ಬಾಗಿಲು ಇದೆ, ನಮಗೆ ಬೇಡ."

"ಇದು ಕಾಗದ ಸ್ವಾಮಿ" ಅಂದಳು ಅವಳು. ಅವನು ನೋಟಿಸು ಓದಿ ಬಾಗಿಲನ್ನ ಒಳಗೆ ಬಿಟ್ಟ.

ಒಳಗೆ ಪುರಸಭೆಯ ವಕೀಲ ಎದ್ದು ನಿಂತ. ನಿನ್ನ ಹಾಗೇ ಕರೀ ಕೋಟು, ನಿನ್ನ ಹಾಗೇ ಗಡಿಬಿಡಿ. ನೋಟಿಸನ್ನ ಕ್ರಮವಾಗಿ ತಲೆಬಾಗಿಲಿಗೆ ಅಂಟಿಸಿದೆ, ಹದಿನೈದು ದಿನ ಕಾದಿದೆ, ಆಮೇಲೇ ಕೆಡವಿದೆ ಅಂತ ಹೇಳಿ ಫೋಟೋ ಕೊಟ್ಟ. ನ್ಯಾಯಾಧೀಶರು ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ನೋಟಿಸು ನೆಟ್ಟಗಿತ್ತು. ಬಾಗಿಲಿನ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ಬೆರಳು ಕಾಣ್ತಿದ್ದವು. ಕೆಳಗೆ ಎರಡು ಪಾದ.

"ಅಂಟಿಸಿದವರು ಯಾರು?"

ಜವಾನ ಮುಂದೆ ಬಂದ. "ನಾನೇ ಸ್ವಾಮಿ."

"ಬಾಗಿಲು ಇಲ್ಲಿದೆ. ಮನೆ ಎಲ್ಲಿ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಂಟಿಸಿದೆಯಾ ಇಲ್ಲವಾ ಅನ್ನೋದು ಬಿಟ್ಟು ಬೇರೇನನ್ನೂ ಅವನನ್ನ ಯಾರೂ ಕೇಳಿರಲಿಲ್ಲ. ಅವನು ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಫ್ಯಾನಿನ ಕಡೆ ನೋಡಿದ. ಸುಳ್ಳು ಹೇಳಿದರೆ ಹೆಂಗಸಿನ ಕೇಸು ಹೋಗ್ತಿತ್ತು, ನಿಜ ಹೇಳಿದರೆ ಇವನ ನೌಕರಿ. ಜವಾನ ನ್ಯಾಯಾಧೀಶರ ಕಡೆ ತಿರುಗಿದ.

"ಮನೆ ಸೋಮವಾರವೇ ಬಿದ್ದಿತ್ತು ಸ್ವಾಮಿ. ನಾನು ಹೋಗಿದ್ದು ಮಂಗಳವಾರ."

ಪುರಸಭೆಯ ವಕೀಲ ಅಷ್ಟಕ್ಕೇ ಸೋಲಲಿಲ್ಲ. "ಒಂದು ದಿನ ಹಿಂದೆಮುಂದೆ ಆಗಿರಬಹುದು. ಮನೆ ಅಕ್ರಮ ಅಂತೂ ಹೌದು. ಅವಳ ಮಾತು ಕೇಳಿದ್ದರೂ ಇದೇ ಆಗ್ತಿತ್ತು" ಅಂದ.

ನ್ಯಾಯಾಧೀಶರಿಗೆ ಸಿಟ್ಟು ಬಂತು. "ಅವಳ ಮಾತು ಕೇಳೋಕೆ ಮುಂಚೆಯೇ ಎಲ್ಲ ಗೊತ್ತಿದ್ದರೆ ಈ ಕುರ್ಚಿಯಲ್ಲಿ ನಾನ್ಯಾಕೆ? ನಿಮ್ಮ ಜೆಸಿಬಿಯನ್ನೇ ತಂದು ಕೂರಿಸಿ. ಬದುಕುವ ಹಕ್ಕು ಅಂತ ಸಂವಿಧಾನದಲ್ಲಿ ಬರೆದಿರೋದು ಕಾಗದಪತ್ರ ಸರಿ ಇರೋರಿಗೆ ಮಾತ್ರ ಅಲ್ಲ" ಅಂದರು. ಆಮೇಲೆ ಆದೇಶ ಬರೆಸಿದರು. ಪುರಸಭೆ ತನ್ನ ಖರ್ಚಲ್ಲಿ ನಾಲ್ಕು ಗೋಡೆ ಎಬ್ಬಿಸಬೇಕು, ಸೂರು ಹಾಕಬೇಕು, ಇದೇ ಬಾಗಿಲು ಕೂರಿಸಬೇಕು. ಹೊಸ ನೋಟಿಸು ಅದಾದ ಮೇಲೆ. ಹದಿನೈದು ದಿನ ಅಲ್ಲಿಂದ ಶುರು.

ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿದರು. ಜಯತೀರ್ಥ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತ. "ಅದೆಲ್ಲ ಸರಿ ಸಾರ್. ಕೊನೆಗೆ ಆ ಮನೆ ಅಕ್ರಮವೋ ಸಕ್ರಮವೋ?"

"ನೋಡು, ಮತ್ತೆ ಅಲ್ಲಿಗೇ ಬಂದೆ! ಅದರ ವಿಚಾರಣೆ ಇನ್ನೂ ನಡೀತಿದೆ ಕಣೋ. ಅವಳು ಮನೆಯೊಳಗೆ ಕೂತು ನಡೆಸ್ತಿದ್ದಾಳೆ, ಮನೆ ಕಳಕೊಂಡು ಅಲ್ಲ. ವ್ಯತ್ಯಾಸ ತಲೆಗೆ ಹೋಯ್ತಾ?"

"ಮತ್ತೆ ಆ ಜವಾನ? ನೌಕರಿ ಹೋಯ್ತಾ?"

"ಇಲ್ಲ. ಕೋರ್ಟಿನ ಭಯಕ್ಕೆ ಅವನನ್ನ ಮುಟ್ಟೋ ಧೈರ್ಯ ಯಾರಿಗೂ ಬರಲಿಲ್ಲ. ಆವತ್ತು ಸಂಜೆ ಮನೆಗೆ ಹೋಗಿ ಚಾಪೆ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದ. ನ್ಯಾಯಾಧೀಶರು ಎಂಥವರು ಗೊತ್ತಾ ಅಂದ, ಫೋಟೋ ನೋಡಿ ಮನೆ ಎಲ್ಲಿ ಅಂತ ಕೇಳಿಬಿಟ್ಟರು ಅಂದ, ತಾನು ಹೆದರದೆ ನಿಜ ಹೇಳಿದೆ ಅಂದ. ಅವಳು ಹೊಗಳ್ತಾಳೆ ಅಂತ ಕಾದ. ಅವಳು ಅಕ್ಕಿ ಆರಿಸ್ತಾ ಇದ್ದವಳು ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಜಯತೀರ್ಥನ ಮುಖ ನೋಡಿದರು.

"ಅಲ್ಲರೀ, ಮನೆ ಎಲ್ಲಿ ಅಂತ ಕೇಳೋಕೆ ಕೋರ್ಟೇ ಬೇಕಾಯ್ತಾ, ಅಂಟಿಸಿದ ದಿನ ನೀವು ಅಲ್ಲೇ ನಿಂತಿದ್ರಲ್ಲ?"