ಅರ್ಧಕ್ಕೆ ನಿಂತ ಗೋಣು

"ಗುರುಗಳೇ, ಒಪ್ಪದ ಮಾತಿಗೆ ಗೋಣು ಹಾಕಿದರೆ ಏನು ನಷ್ಟ?" ಎಂದು ಪರ್ವತಯ್ಯ ಕೇಳಿದ.

ಅವನಿಗೆ ದೊರೆಯ ಆಸ್ಥಾನದಿಂದ ಕರೆ ಬಂದಿತ್ತು. ಮರುದಿನ ಬೆಳಿಗ್ಗೆ ಹೊರಡುವವನಿದ್ದ. ಬಟ್ಟೆಯ ಗಂಟು ಕಟ್ಟಿ ಮಠದ ಬಾಗಿಲ ಬಳಿ ಇಟ್ಟಾಗಿತ್ತು. ಪ್ರಶ್ನೆಯ ಜೊತೆಗೆ ಉತ್ತರವನ್ನೂ ಅವನೇ ತಂದಿದ್ದ.

"ಬಾಗುವುದು ಕುತ್ತಿಗೆ ಮಾತ್ರ. ಮನಸ್ಸು ನನ್ನದಾಗಿಯೇ ಉಳಿಯುತ್ತದೆ. ಸಣ್ಣಪುಟ್ಟ ಮಾತಿಗೆಲ್ಲ ಹೌದು ಎಂದುಬಿಡುವುದು. ದೊಡ್ಡ ಮಾತು ಬಂದ ದಿನ ಇಲ್ಲ ಎಂದರಾಯಿತು."

ಗುರುಗಳು ಅವನ ಕುತ್ತಿಗೆಯನ್ನು ಒಮ್ಮೆ ನೋಡಿದರು. "ಕೂತುಕೋ" ಎಂದರು. ಪರ್ವತಯ್ಯ ಗೋಣಾಡಿಸಿ ಕುಳಿತ. ಗುರುಗಳು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಕೆರೆ ಕಟ್ಟುವವನಿದ್ದ. ರಾಜಧಾನಿಯ ಪಕ್ಕದ ದೊಡ್ಡ ಕೆರೆ ಅವನದೇ ಕೆಲಸ. ಕೆರೆ ಕಟ್ಟಿದವನ ಮನೆ ಏರಿಯ ಕೆಳಗೇ ಇರಬೇಕು ಎಂಬುದು ಅಲ್ಲಿನ ಪದ್ಧತಿ. ಏರಿ ಗಟ್ಟಿಯಾಗಿ ನಿಲ್ಲಲು ಇದಕ್ಕಿಂತ ಒಳ್ಳೆಯ ಗಾರೆ ಇಲ್ಲವೆಂದು ಹಿರಿಯರು ಕಂಡುಕೊಂಡಿದ್ದರು. ಕಟ್ಟಿದವನು ಒಪ್ಪದೆ ಆ ಕೆರೆಯ ಒಂದು ಕಲ್ಲನ್ನೂ ಯಾರೂ ಅಲುಗಿಸುವಂತಿಲ್ಲ ಎಂಬುದು ಇನ್ನೊಂದು ಪದ್ಧತಿ. ದೊರೆಯೂ ಇದಕ್ಕೆ ಹೊರತಲ್ಲ. ಹೀಗಾಗಿ ಕೆರೆಯವನು, ಅವನ ಹೆಂಡತಿ, ಮಕ್ಕಳು, ಆ ಕೇರಿಯ ಜನ ಎಲ್ಲರೂ ಏರಿಯ ಕೆಳಗೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು.

ಕೆಲಸ ಚೆನ್ನಾಗಿ ಮಾಡುತ್ತಾನೆ ಎಂಬ ಕಾರಣಕ್ಕೆ ದೊರೆ ಅವನನ್ನು ಆ ಕೆಲಸದಿಂದ ಬಿಡಿಸಿ ಆಸ್ಥಾನಕ್ಕೆ ಕರೆಸಿಕೊಂಡ.

ಆಸ್ಥಾನಕ್ಕೆ ತನ್ನದೇ ಶಿಸ್ತು ಇತ್ತು. ದೊರೆಯ ಎದುರು ಯಾರೂ ಬಾಯಿ ತೆರೆಯುವಂತಿರಲಿಲ್ಲ. ದೊರೆ ಏನಾದರೂ ಕೇಳಿದರೆ ಗೋಣಿನಲ್ಲೇ ಉತ್ತರಿಸಬೇಕು. ಹೌದಾದರೆ ಮೇಲೆ ಕೆಳಗೆ, ಇಲ್ಲವಾದರೆ ಅಡ್ಡಡ್ಡ. ನಿಯಮದಲ್ಲಿ ಎರಡಕ್ಕೂ ಸಮಾನ ಅವಕಾಶವಿತ್ತು. ಇನ್ನು ದೊರೆಗೆ ಬೆನ್ನು ತೋರಿಸುವುದಂತೂ ದೊಡ್ಡ ಅಪರಾಧ. ಸಭೆ ಮುಗಿದಾಗ ಎಲ್ಲರೂ ಮುಖವನ್ನು ಸಿಂಹಾಸನದ ಕಡೆಗೇ ಇಟ್ಟುಕೊಂಡು ಹಿಮ್ಮೆಟ್ಟಿ ಹೊರಗೆ ಬರುತ್ತಿದ್ದರು. ಬಾಗಿಲು ಎಲ್ಲಿದೆ ಎಂಬುದನ್ನು ಅವರಿಗೆ ಅವರ ಬೆನ್ನು ತಿಳಿಸುತ್ತಿತ್ತು.

ಮೊದಲ ದಿನ ದೊರೆ ತಾನು ಬರೆದ ಪದ್ಯವೊಂದನ್ನು ಓದಿ, ಚೆನ್ನಾಗಿದೆಯಲ್ಲವೇ ಎಂದು ಕೇಳಿದ. ಪದ್ಯ ಚೆನ್ನಾಗಿರಲಿಲ್ಲ. ಸುತ್ತಲಿನವರೆಲ್ಲ ಗೋಣಾಡಿಸಿದರು. ಕೆರೆಯವನೂ ಆಡಿಸಿದ. ಪದ್ಯದಿಂದ ಯಾವ ಏರಿಯೂ ಒಡೆಯುವುದಿಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡ. ಮತ್ತೊಂದು ದಿನ ದೊರೆಯ ತೋಟದ ಹುಳಿ ಮಾವು ಸಿಹಿಯಾಗಿದೆ ಎಂದು ಒಪ್ಪಿದ. ದೊರೆಯ ಕುಳ್ಳ ಭಾವಮೈದುನ ಎತ್ತರದ ಆಳು ಎಂದೂ ಒಪ್ಪಿದ. ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತು ಬಂದಾಗ ನೋಡಿಕೊಂಡರಾಯಿತು ಎಂದುಕೊಂಡ.

ವರ್ಷಗಳು ಕಳೆದವು. ಅವನ ಗೋಣಿಗೆ ಆಸ್ಥಾನದಲ್ಲಿ ಒಳ್ಳೆಯ ಹೆಸರು ಬಂತು. ದೊರೆ ಪ್ರಶ್ನೆ ಮುಗಿಸುವ ಮೊದಲೇ ಅದು ಉತ್ತರ ಮುಗಿಸುತ್ತಿತ್ತು. ಮನೆಯಲ್ಲೂ ಬಾಯಿ ತೆರೆಯುವ ಅಭ್ಯಾಸ ಅವನಿಗೆ ತಪ್ಪಿಹೋಯಿತು. ಒಂದು ಶಾಲು ಬಂತು, ಒಂದು ಉಂಗುರ ಬಂತು.

ಕಾಯಿಲೆಯನ್ನು ಮೊದಲು ಕಂಡುಹಿಡಿದವಳು ಹೆಂಡತಿ. ಒಂದು ಮಧ್ಯಾಹ್ನ ಊಟಕ್ಕೆ ಬಡಿಸಿ ಎದುರಿಗೇ ಕುಳಿತಳು.

"ಏನ್ರೀ, ಸಾರು ಚೆನ್ನಾಗಿದೆಯಾ?"

ಗೋಣು ಆಡಿತು.

"ಉಪ್ಪು ಸರಿಯಾಗಿದೆಯಾ?"

ಆಡಿತು.

"ಉಪ್ಪು ಹಾಕೇ ಇಲ್ಲ ನಾನು. ನಿಮ್ಮ ಕಣ್ಣಿಗೆ ನಾನು ಪೆದ್ದಿಯ ಹಾಗೆ ಕಾಣುತ್ತೀನಾ?"

ಆಡಿತು.

"ಹಾಗಾದರೆ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೋಗಿಬಿಡಲಾ?"

ಅದಕ್ಕೂ ಆಡಿತು. ಅವನ ಕಣ್ಣು ಮಾತ್ರ ಬೇಡ ಬೇಡ ಎನ್ನುತ್ತಿತ್ತು. ಹೆಂಡತಿ ಕಣ್ಣನ್ನೂ ನೋಡಿದಳು, ಗೋಣನ್ನೂ ನೋಡಿದಳು.

"ದಿನಾ ಗಂಡನನ್ನು ಅರಮನೆಯಲ್ಲೇ ಬಿಟ್ಟು ಬರೀ ಗೋಣು ತಗೊಂಡು ಮನೆಗೆ ಬರ್ತೀರಿ. ಏಳಿ, ವೈದ್ಯರ ಹತ್ತಿರ ಹೋಗೋಣ" ಎಂದಳು.

ವೈದ್ಯ ಅವನ ಕುತ್ತಿಗೆಯನ್ನು ಮುಂದೆ ಹಿಂದೆ ಒತ್ತಿ ನೋಡಿದ. ಬಲಕ್ಕೆ ತಿರುಗಿ ಎಂದ. ಆಗಲಿಲ್ಲ. ಎಡಕ್ಕೆ ಎಂದ. ಅದೂ ಆಗಲಿಲ್ಲ.

"ಕುತ್ತಿಗೆಯ ಮೊದಲ ಮೂಳೆ ಇದೆಯಲ್ಲ, ತಲೆ ಅದರ ಮೇಲೆ ಕುಳಿತಿರುತ್ತದೆ. ಹೌದು ಎನ್ನುವುದು ಆ ಜಾಗದಲ್ಲಿ" ಎಂದು ವೈದ್ಯ ಹೇಳಿದ. "ಅದರ ಕೆಳಗಿನ ಮೂಳೆಗೆ ಒಂದು ಗೂಟ ಇದೆ, ಬೀಸುವ ಕಲ್ಲಿಗೆ ಇರುವ ಹಾಗೆ. ಮೇಲಿನ ಮೂಳೆ ಆ ಗೂಟದ ಸುತ್ತ ತಿರುಗುತ್ತದೆ. ಇಲ್ಲ ಎನ್ನುವುದು ಅಲ್ಲಿ. ಬ್ರಹ್ಮ ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟಿದ್ದಾನೆ. ನೀವು ಒಂದನ್ನೇ ಬಳಸಿದ್ದೀರಿ."

ಆಮೇಲೆ ಅವನ ಕಿವಿಯ ಹಿಂದೆ ಬೆರಳಿಟ್ಟು, ಅಲ್ಲಿಂದ ಓರೆಯಾಗಿ ಎದೆಮೂಳೆಯ ತುದಿಯವರೆಗೆ ಎಳೆದು ತೋರಿಸಿದ.

"ಇಲ್ಲಿ ಆ ಕಡೆಗೊಂದು ಈ ಕಡೆಗೊಂದು ದಪ್ಪ ಸ್ನಾಯು, ಹುರಿ ಹಗ್ಗದ ಹಾಗೆ. ಎಡಗಡೆಯದು ಎಳೆದರೆ ಮುಖ ಬಲಕ್ಕೆ ತಿರುಗುತ್ತದೆ. ಬಲಗಡೆಯದು ಎಳೆದರೆ ಎಡಕ್ಕೆ. ಒಂದು ಎಳೆಯುವಾಗ ಇನ್ನೊಂದು ಬಿಟ್ಟುಕೊಡಬೇಕು. ಎರಡೂ ಒಟ್ಟಿಗೆ ಎಳೆದವೋ, ತಲೆ ಬಾಗುತ್ತದೆ. ನಿಮ್ಮವು ಬಹಳ ಕಾಲದಿಂದ ಒಟ್ಟಿಗೇ ಎಳೆಯುತ್ತಿವೆ. ಬಿಟ್ಟುಕೊಡುವುದು ಎರಡಕ್ಕೂ ಮರೆತುಹೋಗಿದೆ."

"ಇದಕ್ಕೆ ಔಷಧಿ ಏನು ಸ್ವಾಮಿ?" ಎಂದು ಹೆಂಡತಿ ಕೇಳಿದಳು.

"ಊಟಕ್ಕೆ ಮೊದಲು ಒಂದು ಸಲ ಇಲ್ಲ ಎನ್ನಬೇಕು. ಚಿಕ್ಕ ವಿಷಯಕ್ಕಾದರೂ ಸರಿ. ತಪ್ಪಿಸಬಾರದು."

ಕೆರೆಯವನು ಆಗಲಿ ಎಂದು ಗೋಣಾಡಿಸಿದ.

ಔಷಧಿ ಶುರುವಾಗುವ ಮೊದಲೇ ದೊಡ್ಡ ಮಾತು ಬಂತು. ಮಳೆಗಾಲ ಹತ್ತಿರವಾಗಿತ್ತು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಹೊರಗೆ ಹೋಗುತ್ತಿತ್ತು. ದೊರೆಗೆ ಅದು ದುಂದುವೆಚ್ಚವಾಗಿ ಕಂಡಿತು. ಕೋಡಿಗೆ ಗೋಡೆ ಕಟ್ಟಿದರೆ ನೀರು ಅರಮನೆಯ ಮೆಟ್ಟಿಲಿನವರೆಗೂ ಬರುತ್ತದೆ, ತೆಪ್ಪದಲ್ಲಿ ಕುಳಿತು ಮನೆಯಿಂದಲೇ ವಿಹಾರ ಹೊರಡಬಹುದು ಎಂದು ಲೆಕ್ಕ ಹಾಕಿದ. ಕಲ್ಲು, ಗಾರೆ, ಆಳುಗಳು ಎಲ್ಲ ಸಿದ್ಧವಾದವು. ಕಟ್ಟಿದವನ ಒಪ್ಪಿಗೆ ಒಂದೇ ಬಾಕಿ. ಅದಂತೂ ಕೈಯಲ್ಲೇ ಇತ್ತು. ಯಾವ ಕೆಲಸ ನೋಡಿ ಕೆರೆಯವನನ್ನು ಕರೆಸಿಕೊಂಡಿದ್ದನೋ, ಆ ಕೆಲಸದ ಬಗ್ಗೆ ಅವನನ್ನು ಕೇಳಿದ್ದು ಇದೇ ಮೊದಲು.

"ಕೋಡಿ ಮುಚ್ಚಿದರೂ ಏರಿ ತಡೆಯುತ್ತದೆ, ಅಲ್ಲವೇ?" ಎಂದು ದೊರೆ ಸಭೆಯಲ್ಲಿ ಕೇಳಿದ.

ಏರಿ ತಡೆಯುವುದಿಲ್ಲ. ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಇದು ಆ ಸಭೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅವನ ಗೋಣಿಗೆ ಗೊತ್ತಿರಲಿಲ್ಲ. 'ಏರಿ' ಎನ್ನುವ ಹೊತ್ತಿಗೆ ಅದು ಕೆಳಗೆ ಹೊರಟಿತ್ತು. ಕೆರೆಯವನಿಗೆ ತನ್ನ ಮನೆ ಕಂಡಿತು. ಅಂಗಳದಲ್ಲಿ ಆಡುವ ಮಕ್ಕಳು ಕಂಡರು. ಕತ್ತಿನ ಹಿಂದಿನ ಬಲವನ್ನೆಲ್ಲ ಒಟ್ಟುಗೂಡಿಸಿ ತಲೆಯನ್ನು ತಡೆದ. ಗೋಣು ಅರ್ಧಕ್ಕೆ ನಿಂತು ನಡುಗತೊಡಗಿತು.

ಸಭೆ ಇಂಥದ್ದನ್ನು ನೋಡಿರಲಿಲ್ಲ.

"ಇದೇನು, ಅರ್ಧ ಹೌದೇ?" ಎಂದ ದೊರೆ. "ಉಳಿದರ್ಧ ಯಾವಾಗ?"

ಕೆರೆಯವನು ಮುಖವನ್ನು ಬಲಕ್ಕೆ ತಿರುಗಿಸಲು ನೋಡಿದ. ಗೂಟ ಕಚ್ಚಿಕೊಂಡಿತ್ತು. ಎಡಕ್ಕೆ ನೋಡಿದ. ಹುರಿಗಳೆರಡೂ ಬಿಗಿದುಕೊಂಡವು. ಬಾಯಿ ತೆರೆದು ಹೇಳೋಣವೆಂದರೆ, ಆ ಸಭೆಯಲ್ಲಿ ಎಂದೂ ಬಳಸದ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಕುತ್ತಿಗೆ ತಿರುಗದವನು ಮುಖ ತಿರುಗಿಸಬೇಕಾದರೆ ಉಳಿಯುವುದು ಒಂದೇ ದಾರಿ. ಅವನು ಸೊಂಟವನ್ನು ತಿರುಗಿಸಿದ. ಸಾಲಲಿಲ್ಲ. ಪಾದಗಳನ್ನೂ ಎತ್ತಿಟ್ಟು ಇಡೀ ಮೈಯನ್ನು ಬಲಕ್ಕೆ ತಿರುಗಿಸಿದ. ಮತ್ತೆ ಎಡಕ್ಕೆ ತಿರುಗಿಸಿದ. ಮತ್ತೆ ಬಲಕ್ಕೆ. ಗೋಣಿನಲ್ಲಿ ಮುಗಿಯಬೇಕಾದ ಇಲ್ಲಕ್ಕೆ ಇಡೀ ಮನುಷ್ಯ ಬೇಕಾಯಿತು. ಹೀಗೆ ತಿರುಗುವ ರಭಸದಲ್ಲಿ ಅವನ ಬೆನ್ನು ಸಿಂಹಾಸನದ ಕಡೆಗೆ ಬಂದು ನಿಂತಿತು.

"ನಮಗೆ ಬೆನ್ನು ತೋರಿಸುತ್ತಿದ್ದೀಯಾ?" ಎಂದು ದೊರೆ ಗುಡುಗಿದ.

ಪ್ರಶ್ನೆ ಕೇಳಿದ್ದೇ ತಡ, ಗೋಣು ತಾನಾಗಿಯೇ ಮೇಲೆ ಕೆಳಗೆ ಆಡಿತು. ಎಷ್ಟೋ ವರ್ಷಗಳಲ್ಲಿ ಅದು ನಿಜ ಹೇಳಿದ್ದು ಅದೇ ಮೊದಲು.

ಆಗ ಕೆರೆಯವನಿಗೆ ಎದುರಿಗೆ ಬಾಗಿಲು ಕಂಡಿತು. ದಿನವೂ ಅದೇ ಬಾಗಿಲಿನಿಂದ ಹೊರಗೆ ಹೋಗಿದ್ದರೂ ಒಳಗಿನಿಂದ ಅದನ್ನು ಅವನು ನೋಡಿರಲಿಲ್ಲ. ಸಾಕಷ್ಟು ದೊಡ್ಡದಾಗಿಯೇ ಇತ್ತು. ಅವನು ನಡೆದ.

"ಹಿಡಿಯಿರಿ ಅವನನ್ನು!" ಎಂದ ದೊರೆ.

ಎಲ್ಲರೂ ಗೋಣಾಡಿಸಿದರು. ಆದರೆ ದೊರೆಗೆ ಬೆನ್ನು ತೋರಿಸದೆ ಅವನ ಹಿಂದೆ ಓಡುವುದು ಹೇಗೆ? ಇಬ್ಬರು ಭಟರು ಹಿಮ್ಮುಖವಾಗಿಯೇ ಓಡಿ ಕಂಬಕ್ಕೆ ಬಡಿದುಕೊಂಡರು. ಉಳಿದವರು ನಿಯಮವನ್ನು ಗೌರವಿಸಿ ನಿಂತಲ್ಲೇ ನಿಂತರು.

ಶಾಲು ಹೋಯಿತು, ಉಂಗುರ ಹೋಯಿತು. ಒಪ್ಪಿಗೆ ಸಿಗಲಿಲ್ಲವಾದ್ದರಿಂದ ಕೋಡಿಯ ಕಲ್ಲು ಮುಟ್ಟಲು ಯಾವ ಆಳೂ ಮುಂದೆ ಬರಲಿಲ್ಲ. ತಂದಿಟ್ಟ ಕಲ್ಲು ಗಾರೆಯಲ್ಲಿ ದೊರೆ ಭಾವಮೈದುನನಿಗೆ ಎತ್ತರದ ಜಗುಲಿಯೊಂದನ್ನು ಕಟ್ಟಿಸಿದ. ಮಳೆ ಬಂತು. ಕೆರೆ ತುಂಬಿತು. ಹೆಚ್ಚಾದ ನೀರು ಎಂದಿನಂತೆ ಕೋಡಿಯಲ್ಲಿ ಹರಿದುಹೋಯಿತು. ಏರಿಯ ಕೆಳಗಿನ ಕೇರಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಏರಿ ಚೆನ್ನಾಗಿದ್ದರೆ ಹಾಗೆಯೇ.

ಸಿಂಹಾಸನಕ್ಕೆ ಬೆನ್ನು ತೋರಿಸಿ ಬಂದ ಆ ದಿನವೇ ಹೆಂಡತಿ ಊಟ ಬಡಿಸಿ ಮತ್ತೆ ಎದುರಿಗೆ ಕುಳಿತಳು.

"ಉಪ್ಪು ಸರಿಯಾಗಿದೆಯಾ?"

ಕೆರೆಯವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಪ್ರಯತ್ನಪಟ್ಟ. ಹಳೆಯ ಬೀಸುವ ಕಲ್ಲಿನಂತೆ ಸದ್ದು ಮಾಡುತ್ತ ಗೋಣು ಒಂದು ಎಳ್ಳಿನಷ್ಟು ಅಡ್ಡ ಆಡಿತು.

"ಸುಳ್ಳು. ಉಪ್ಪು ಸರಿಯಾಗಿಯೇ ಇದೆ" ಎಂದಳು ಹೆಂಡತಿ. ಇನ್ನೊಂದು ಸೌಟು ಸಾರು ಬಡಿಸಿದಳು. "ಆದರೂ ಇವತ್ತು ಮನೆಗೆ ನೀವೇ ಬಂದಿದ್ದೀರಿ."

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯ ಉದ್ದಕ್ಕೂ ಎಲ್ಲೆಲ್ಲಿ ಗೋಣಾಡಿಸಬೇಕೋ ಅಲ್ಲೆಲ್ಲ ಆಡಿಸುತ್ತ ಬಂದಿದ್ದ. ಅವನ ಮುಖದಲ್ಲಿ ಸಂತೋಷವಿತ್ತು.

"ಚೆನ್ನಾಗಿ ಅರ್ಥವಾಯಿತು ಗುರುಗಳೇ" ಎಂದ. "ನನ್ನ ವಿಷಯದಲ್ಲಿ ನೀವು ಚಿಂತೆ ಮಾಡಬೇಡಿ."

"ಒಳ್ಳೆಯದು" ಎಂದರು ಗುರುಗಳು. "ಒಟ್ಟಿನಲ್ಲಿ ಆ ಕೆರೆಯವನು ಸುಮ್ಮನೆ ದುಡುಕಿದ. ಕೋಡಿ ಮುಚ್ಚಿದ್ದರೂ ಏರಿ ತಡೆಯುತ್ತಿತ್ತು, ಅಲ್ಲವೇ?"

ಪರ್ವತಯ್ಯನ ಗೋಣು ಮೇಲೆ ಕೆಳಗೆ ಆಡಿತು. ಆಡಿದ ಮೇಲೆ ಅವನಿಗೆ ಮಾತು ಕೇಳಿಸಿತು. ಅವನ ಕೈ ಮೆಲ್ಲಗೆ ಕುತ್ತಿಗೆಗೆ ಹೋಯಿತು.

"ಹಾಗಾದರೆ ನಾಳೆ ಹೊರಡುವುದು ಬೇಡ" ಎಂದರು ಗುರುಗಳು, "ನೀನು ಆಗಲೇ ಆಸ್ಥಾನ ತಲುಪಿದ್ದೀಯೆ."