ಕುಗ್ಗಿ ಬಂದ ಕಿಡಿ

ಕಪಿಲೆಯ ದಡದಲ್ಲೊಂದು ಮಠ. ಹೋದ ಸಲ ಈ ಕಥೆ ಹೇಳುವಾಗ ಕಾವೇರಿಯ ದಡ ಅಂದಿದ್ದೆ, ಯಾವುದಾದರೇನು, ನೀರಂತೂ ಇತ್ತು.

ಗುರುಪಾದಸ್ವಾಮಿಗಳು ಜಗಲಿಯ ಕಂಬಕ್ಕೆ ಒರಗಿದ್ದರು. ಶಿಷ್ಯ ಚೆನ್ನಮಲ್ಲ ಬಂದು ಅಡ್ಡಬಿದ್ದ. ಮಠದಲ್ಲೇ ಉಂಡು ಬೆಳೆದವನು, ಈಗ ವಿಶ್ವವಿದ್ಯಾಲಯದಲ್ಲಿ ಕಣಗಳ ಸಂಶೋಧನೆಗೆ ಬಿದ್ದವನು. ಅಡ್ಡಬಿದ್ದವನು ಬೇಗ ಏಳಲಿಲ್ಲ.

"ಭಕ್ತಿಯೋ, ನಿದ್ದೆಯೋ?"

"ಸುಸ್ತು, ಬುದ್ಧಿ. ವರ್ಷಗಟ್ಟಲೆ ಮಾಡಿದ ಲೆಕ್ಕ ಕೂಡುತ್ತಿಲ್ಲ."

"ಏನಪ್ಪಾ ಅಂಥ ಲೆಕ್ಕ?"

"ಸೀಸದ ಪರಮಾಣುವಿನ ತಿರುಳುಗಳನ್ನು ಡಿಕ್ಕಿ ಹೊಡೆಸುತ್ತಾರೆ. ಅವು ಕರಗಿ, ಕ್ವಾರ್ಕು ಗ್ಲುವಾನು ಎಂಬ ಇನ್ನೂ ಸಣ್ಣ ಕಣಗಳ ಕುದಿಯುವ ಸಾರಾಗುತ್ತವೆ. ಅದರೊಳಗೆ ಎರಡು ಕಿಡಿ ಜೊತೆಗೆ ಹುಟ್ಟಿ, ಸಮ ಬಲದಲ್ಲಿ, ವಿರುದ್ಧ ದಿಕ್ಕಿಗೆ ಹಾರುತ್ತವೆ. ಅಂಚಿನ ಕಡೆಯದು ಥಟ್ಟನೆ ಹೊರಗೆ. ಇನ್ನೊಂದು ಸಾರನ್ನೆಲ್ಲ ದಾಟಿ ಬರುವಷ್ಟರಲ್ಲಿ ಕುಗ್ಗಿರುತ್ತದೆ. ಅದರ ಅಕ್ಕಪಕ್ಕ ಎಷ್ಟು ಹುಡುಕಿದರೂ ಕಳೆದ ಬಲ ಸಿಗುವುದಿಲ್ಲ."

"ಈಗೇನು ಮಾಡ್ತೀ?"

"ಕುಗ್ಗಿದವನ್ನೆಲ್ಲ ಯಂತ್ರದ ತಪ್ಪು ಅಂತ ತೆಗೆದುಹಾಕಿ, ನಾಳೆ ಪ್ರಬಂಧ ಒಪ್ಪಿಸಿಬಿಡ್ತೀನಿ. ಸಾಕಾಗಿದೆ."

ದಾಸೋಹದ ಗಂಟೆ ಹೊಡೆಯಿತು. ಗುರುಗಳು ಎರಡು ಬಕೆಟ್ಟಿಗೆ ಸಮಸಮ ಮಜ್ಜಿಗೆ ತುಂಬಿಸಿದರು.

"ನೀನು ಒಂದನ್ನು ಹಿಡಿದು ಪಂಕ್ತಿಯ ಮಧ್ಯೆ ಹಾದು ಹೊಳೆಗೆ ಬಾ."

ತಾವು ಇನ್ನೊಂದನ್ನು ಹಿಡಿದು ಅಡುಗೆಮನೆಯ ಪಕ್ಕದ ಬಾಗಿಲಿಂದ ಹೊರಟರು. ದಾರಿಯಲ್ಲಿ ಒಂದು ಲೋಟ ಕುಡಿದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಚೆನ್ನಮಲ್ಲ ಪಂಕ್ತಿಗೆ ಇಳಿದ.

"ಇಲ್ಲಿಗೆ ಹಾಕಪ್ಪಾ!"

"ನಮ್ಮನ್ನು ಬಿಟ್ಟು ಎಲ್ಲಿಗೋ ಓಟ?"

"ಅಜ್ಜಿಗೆ ಇನ್ನೊಂದು ಸೌಟು!"

ಎಡಕ್ಕೆ ಎಳೆದರು, ಬಲಕ್ಕೆ ಎಳೆದರು. ಹೊಳೆ ಮುಟ್ಟಿದಾಗ ಬಕೆಟ್ಟಿನ ತಳ ಕಾಣುತ್ತಿತ್ತು.

"ಬಕೆಟ್ಟು ತೂತೇನೋ?"

"ಇಲ್ಲ ಬುದ್ಧಿ. ಜನ ಬಿಡಲಿಲ್ಲ."

"ಮಜ್ಜಿಗೆ ಹಾಳಾಯಿತಾ?"

"ಹಾಳೆಲ್ಲಿ? ಸಾಲುದ್ದಕ್ಕೂ ಕೂತವರ ಹೊಟ್ಟೆ ಸೇರಿತು."

ಅಂದವನೇ ತಡೆದು ನಿಂತ.

"ಹಾಗಾದರೆ ಕಿಡಿಯ ಬಲವೂ ಸಾರಿನ ತುಂಬ ಹಂಚಿಹೋಗಿದೆ. ನಾನು ಕಿಡಿಯ ಮಗ್ಗುಲಲ್ಲಷ್ಟೇ ಹುಡುಕುತ್ತಿದ್ದೆ... ಅಯ್ಯೋ, ಎಲ್ಲವನ್ನೂ ಮತ್ತೆ ಅಳೆಯಬೇಕು."

ಮೆಟ್ಟಿಲ ಮೇಲೆ ಕುಸಿದು ಕೂತ.

"ನನ್ನ ಕೈಲಾಗಲ್ಲ ಬುದ್ಧಿ. ಗಟ್ಟಿಯಾಗಿ ಬಂದ ಕಿಡಿಗಳನ್ನಷ್ಟೇ ಇಟ್ಟುಕೊಂಡರೆ ಸಾಲದೇ?"

ಗುರುಗಳೂ ಪಕ್ಕದಲ್ಲಿ ಕೂತರು. ಮಂಡಿ ಲಟಕ್ಕೆಂದಿತು.

ಆಮೇಲೆ ಗುರುಗಳು ತಮ್ಮ ತುಂಬಿದ ಬಕೆಟ್ಟನ್ನು ಅವನ ಮುಂದೆ ಸರಿಸಿದರು.

"ಒಳಗೆ ಕೂತವರಿಗೆ ಎಷ್ಟು ಬಾಯಾರಿಕೆಯಿತ್ತು ಅಂತ, ಪಂಕ್ತಿಯನ್ನೇ ಕಾಣದ ಇದನ್ನು ಕೇಳಿ ನೋಡು."