ಕಹಳೆ ಊದಿದ ಮೇಲೆ

ಫಕೀರೇಶನಿಗೆ ಅಜ್ಜಾರ ಮೇಲೆ ಅನುಮಾನ ಹುಟ್ಟಿದ್ದು, ಅವರು ಅವನ ಲ್ಯಾಪ್‌ಟಾಪ್ ವಾಪಸು ಕೊಟ್ಟ ದಿನ.

ಅಜ್ಜಾರು ಅಂದರೆ ಮಲಪ್ರಭೆಯ ದಂಡೆಯ ಆ ಸಣ್ಣ ಮಠದ ಸ್ವಾಮಿಗಳು. ಹೆಸರು ಎಷ್ಟೇ ಉದ್ದವಿದ್ದರೂ ಊರವರ ಬಾಯಲ್ಲಿ ಬರೀ ಅಜ್ಜಾರು. ಒಂದೂವರೆ ವರ್ಷದ ಹಿಂದೆ ಫಕೀರೇಶ ಇಲ್ಲಿಗೆ ಬಂದಾಗ ಲ್ಯಾಪ್‌ಟಾಪನ್ನು ಅವರ ಪಾದದ ಹತ್ತಿರ ಇಟ್ಟು, "ಇದರ ಸಂಗ ಸಾಕಾಗೇತ್ರಿ" ಅಂದಿದ್ದ. ಅವರು ಅದನ್ನು ಹಳೇ ಧೋತರದಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಿದ್ದರು.

ಈಗ ಬರುವ ಹುಣ್ಣಿಮೆಗೆ ಅವನಿಗೆ ದೀಕ್ಷೆ ಎಂದು ನಿಶ್ಚಯವಾಗಿತ್ತು. ಹುಣ್ಣಿಮೆ ಭಾನುವಾರ. ಅದಕ್ಕೆ ಆರು ದಿನ ಮೊದಲು, ಸೋಮವಾರ ಮುಂಜಾನೆ ಅಜ್ಜಾರು ಆ ಗಂಟು ತಂದು ಅವನ ಮುಂದೆ ಬಿಚ್ಚಿದರು.

"ಇದರಾಗ ಏನರ ಅರ್ಧಕ್ಕ ಬಿಟ್ಟಿಯೇನು?"

"ಒಂದ ಆಟ ಐತ್ರಿ."

"ಎಂಥಾ ಆಟ?"

"ರಾಜ್ಯ ಕಟ್ಟೂ ಆಟರಿ. ಊರು ಕಟ್ಟಬೇಕು, ದಂಡು ಬೆಳಸಬೇಕು, ಸುತ್ತಲಿನ ರಾಜರನ್ನ ಗೆಲ್ಲಬೇಕು. ನಮ್ಮದೊಂದ ಪಾಳಿ, ಅವರದೊಂದ ಪಾಳಿ."

"ಮುಗಿಯಾಕ ಎಷ್ಟೊತ್ತು ಹಿಡೀತೈತಿ?"

"ಇಪ್ಪತ್ತ ತಾಸ ಆಡೀನ್ರಿ. ಇನ್ನೊಂದ ಹತ್ತ ತಾಸ."

"ಹಂಗಾದ್ರ ಮುಗಸು."

ಫಕೀರೇಶ ಅಜ್ಜಾರ ಮುಖವನ್ನೇ ನೋಡಿದ. ಆಟ ಆಡು ಎಂದು ಹೇಳುವ ಗುರುವನ್ನು ಯಾರು ಕಂಡಿದ್ದಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಅವನ ಅನುಮಾನಕ್ಕೆ ಕಾರಣವೂ ಇತ್ತು. ಹಿಂದೆ ಒಬ್ಬ ಶಿಷ್ಯನಿಗೆ ಅಜ್ಜಾರು ಮೆತ್ತನೆಯ ಗಾದಿ ಕೊಟ್ಟರಂತೆ. ಅವನು ಸಂತೋಷದಿಂದ ಮಲಗಿದನಂತೆ. ಮರುದಿನ ಮೊದಲ ಬಸ್ಸಿಗೆ ಅವನನ್ನು ಊರಿಗೆ ಹತ್ತಿಸಿದರಂತೆ. ಮಠದ ಅಡುಗೆಯ ದ್ಯಾಮವ್ವ ಈ ಕಥೆಯನ್ನು ರೊಟ್ಟಿ ಬಡಿಯುತ್ತ ಎಷ್ಟೋ ಸಲ ಹೇಳಿದ್ದಳು.

"ನನಗ ಈ ಆಟ ಬ್ಯಾಡ್ರಿ ಅಜ್ಜಾರ."

"ಹಂಗಾದ್ರ ದೀಕ್ಷಾನೂ ಬ್ಯಾಡ. ಅರ್ಧ ಆಟ ಒಳಗ ಇಟಗೊಂಡ ಕುಂತಾವಗ ನಾ ದೀಕ್ಷಾ ಕೊಡಂಗಿಲ್ಲ."

ಬೇರೆ ದಾರಿ ಇರಲಿಲ್ಲ. ಮಠದಲ್ಲಿ ವೈರು ಚುಚ್ಚುವ ಜಾಗ ಇದ್ದದ್ದು ಒಂದೇ, ಪಡಸಾಲೆಯ ಬಾಗಿಲ ಹತ್ತಿರ. ಹೋಗುವವರು ಬರುವವರೆಲ್ಲ ನೋಡುವ ಜಾಗ. ಅದನ್ನೂ ಬೇಕೆಂದೇ ಮಾಡಿದ್ದಾರೆ ಎಂದುಕೊಂಡು ಫಕೀರೇಶ ಅಲ್ಲಿ ಕುಳಿತ. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಅಜ್ಜಾರ ಮೇಲೆ.

ಅಜ್ಜಾರು ಅದೇ ಪಡಸಾಲೆಯ ಇನ್ನೊಂದು ತುದಿಗೆ, ಕಲ್ಲಿನ ಮೇಲೆ ಗೀಚಿದ ಮನೆಗಳ ಮುಂದೆ ಕುಳಿತು, ದ್ಯಾಮವ್ವನ ಜೊತೆ ಚೌಕಾಬಾರ ಆಡುತ್ತಿದ್ದರು. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಬಂದು ಆಕೆ ಕವಡೆ ಹಿಡಿಯುವುದು ದಿನದ ಪದ್ಧತಿ.

ದ್ಯಾಮವ್ವ ಮೂಗು ಅರಳಿಸಿದಳು. "ಅನ್ನ ಆತ್ರಿ."

ಅಜ್ಜಾರ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಹೆಜ್ಜೆ ಬಾಕಿ ಇತ್ತು. ಅವರು ಅಂಗೈಯಿಂದ ಕಾಯಿಗಳನ್ನೆಲ್ಲ ಬಳಿದು ಡಬ್ಬಿಗೆ ಹಾಕಿದರು.

"ಗೆಲ್ತಿದ್ರಲ್ರಿ," ಅಂದ ಫಕೀರೇಶ.

"ಅನ್ನ ಆತಲ್ಲ. ಏಳು, ಊಟಕ್ಕ."

"ನೀವ ನಡೀರಿ. ಇದೊಂದ ಪಾಳಿ ಮುಗಿಸಿ ಬಂದೆ."

ಆ ಒಂದು ಪಾಳಿ ಮುಗಿಯುವ ಹೊತ್ತಿಗೆ ಸಾರಿನ ಮೇಲೆ ಕೆನೆ ಕಟ್ಟಿತ್ತು.

ಮಂಗಳವಾರ ಅಜ್ಜಾರು ಮತ್ತೆ ಕೇಳಿದರು. "ಇನ್ನ ಎಷ್ಟೊತ್ತು?"

"ಹತ್ತ ತಾಸ್ರಿ."

"ನಿನ್ನೇನೂ ಹತ್ತ ಅಂದಿದ್ದಿ."

"ರಾಜ್ಯ ದೊಡ್ಡದಾತ್ರಿ. ದೊಡ್ಡದಾದಂಗ ಪಾಳಿನೂ ಉದ್ದ ಆಗತೈತಿ. ಎಲ್ಲಾ ಊರಿಗೂ ಅಪ್ಪಣಿ ಕೊಡಬೇಕು, ಎಲ್ಲಾ ದಂಡಿಗೂ ದಾರಿ ತೋರಸಬೇಕು."

"ಅಂದ್ರ, ಗೆದ್ದಂಗ ಗೆದ್ದಂಗ ಮುಗಿಯೂದು ದೂರ ಹೋಗತೈತಿ?"

"ಹೂಂನ್ರಿ."

ಅಜ್ಜಾರು ತಲೆದೂಗಿ ಸುಮ್ಮನಾದರು. ಆ ಸುಮ್ಮನಿರುವುದೇ ಫಕೀರೇಶನಿಗೆ ಸರಿ ಕಾಣಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಪರದೆಯೊಳಗಿನ ಕೊನೆಯ ರಾಜ ಶರಣು ಬಂದ. ಕಹಳೆ ಜೋರಾಗಿ ಊದಿತು. ಕಂಬದ ಮೇಲಿದ್ದ ಪಾರಿವಾಳ ಹಾರಿ ಹೋಯಿತು. ಫಕೀರೇಶ ಗಡಬಡಿಸಿ ಸದ್ದು ತಗ್ಗಿಸಿದ, ಒಂದು ಗುಂಡಿ ಒತ್ತಿದ.

ಒಬ್ಬರೇ ಕುಳಿತು ಕವಡೆ ಜೋಡಿಸುತ್ತಿದ್ದ ಅಜ್ಜಾರು ಕೈ ನಿಲ್ಲಿಸಿದರು. "ಏನದು?"

"ಏನಿಲ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನೇ ಮುಂದುವರಿಸಿದ. "ಇನ್ನೂ ಸ್ವಲ್ಪ ಐತ್ರಿ. ಮುಗಿದಿಲ್ಲ."

"ನಾ ಎಲ್ಲಿ ಮುಗೀತು ಅಂದೆ?" ಅಂದು ಅಜ್ಜಾರು ಎದ್ದು ಅಡುಗೆಮನೆಗೆ ಹೋದರು. ಒಳಗೆ ದ್ಯಾಮವ್ವನೂ ಅವರೂ ಪಿಸುಮಾತಾಡುವುದು ಕೇಳಿಸಿತು. ಫಕೀರೇಶ ನೀರು ಕುಡಿಯುವ ನೆಪದಲ್ಲಿ ಹೋದ. ಇಬ್ಬರೂ ತಟ್ಟನೆ ಬಾಯಿ ಮುಚ್ಚಿದರು.

ಅನುಮಾನಕ್ಕೆ ಮದ್ದಿಲ್ಲ ಎಂದು ಸುಮ್ಮನೆ ಹೇಳುವುದಿಲ್ಲ. ಗುರುವಾರ ದ್ಯಾಮವ್ವ ಅವನಿಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು. ಕಳಿಸುವ ಮುಂಚಿನ ಉಪಚಾರವೋ ಎಂದು ಅದನ್ನು ತಿರುವಿ ತಿರುವಿ ನೋಡಿ ತಿಂದ.

ಶುಕ್ರವಾರ ಅಜ್ಜಾರು ಅವನ ಬೆನ್ನ ಹಿಂದೆ ಬಂದು ನಿಂತರು. "ಈಗ ಏನ ಮಾಡಾಕತ್ತಿ?"

"ಊರ ಸುತ್ತ ಗೋಡಿ ಕಟ್ಟಾಕತ್ತೀನ್ರಿ."

"ಯಾರ ಬರ್ತಾರಂತ?"

"ಯಾರರ ಬರಬಹುದಲ್ರಿ."

"ಎಷ್ಟೊತ್ತು ಹಿಡೀತೈತಿ?"

"ಹೇಳಾಕ ಬರೂದಿಲ್ರಿ."

ಶನಿವಾರ ಬಂತು. ಬೆಳಗಾದರೆ ಹುಣ್ಣಿಮೆ. ಮಠದಲ್ಲಿ ಯಾರೂ ದೀಕ್ಷೆಯ ಮಾತೆತ್ತಲಿಲ್ಲ. ಫಕೀರೇಶ ಒಂದೂವರೆ ವರ್ಷ ಅಂಗಳ ಗುಡಿಸಿದ್ದ, ನದಿಯಿಂದ ನೀರು ಹೊತ್ತಿದ್ದ, ಇದೊಂದಕ್ಕಾಗಿ. ಕೊನೆಗೆ ಅಜ್ಜಾರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಅವನನ್ನು ಸಾಗಹಾಕುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

ಚೌಕಾಬಾರದ ಮನೆಗಳ ಮುಂದೆ ಹೋಗಿ ನಿಂತ.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮಗ ನನಗ ದೀಕ್ಷಾ ಕೊಡೂ ಮನಸ ಇಲ್ಲ. ಆಗೂದಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಅದಕ್ಕ ಮುಗೀಲಾರದ ಆಟ ಕೊಟ್ಟ ಕುಂದ್ರಿಸೀರಿ."

ಅಜ್ಜಾರು ಸಿಟ್ಟಾಗಲಿಲ್ಲ. "ದ್ಯಾಮವ್ವಾ, ಆ ಅರಿವಿ ತಾ," ಅಂದರು.

ದ್ಯಾಮವ್ವ ಒಳಗಿಂದ ಕಾವಿ ಬಟ್ಟೆ ತಂದಳು. ಹೊಸದಾಗಿ ಬಣ್ಣಕ್ಕೆ ಹಾಕಿದ್ದು. ಒಣಗಿ, ಮಡಿಕೆಯಾಗಿ, ಆ ಮಡಿಕೆ ಆಗಲೇ ಬಟ್ಟೆಯಲ್ಲಿ ಗಟ್ಟಿಯಾಗಿ ಕೂತಿತ್ತು.

"ಇದನ್ನ ಯಾವತ್ತ ಬಣ್ಣಕ್ಕ ಹಾಕಿದ್ದು?" ಫಕೀರೇಶನ ದನಿ ಸಣ್ಣದಾಗಿತ್ತು.

"ಬುಧವಾರ, ತಮ್ಮಾ. ನಿನ್ನ ಪೆಟಿಗ್ಯಾಗ ಕಹಳಿ ಊದಿತಲ್ಲ, ಆಗಿಂದಾಗ ಅಜ್ಜಾರು ಬಂದು ಕಾವಿ ಕಲಸು ಅಂದ್ರು. ಅಂವಾ ತಾನ ಎದ್ದ ಬರ್ತಾನ, ನೀ ಏನೂ ಹೇಳಬ್ಯಾಡ ಅಂದ್ರು."

ಫಕೀರೇಶ ನೆಲ ನೋಡಿದ.

"ಕಹಳಿ ಊದಿದಾಗ ಪರದೆ ಮ್ಯಾಲ ಏನ ಬರದಿತ್ತು?" ಅಜ್ಜಾರು ಕೇಳಿದರು.

"ನೀ ಗೆದ್ದಿ ಅಂತ ಇತ್ರಿ."

"ಅದರ ಕೆಳಗ?"

"ಎರಡ ಗುಂಡಿ ಇದ್ದುವ್ರಿ. ಆಟ ಮುಗಸು ಅಂತ ಒಂದು. ಇನ್ನೂ ಆಡು ಅಂತ ಒಂದು."

"ನೀ ಯಾವುದನ್ನ ಒತ್ತಿದಿ?"

 ಫಕೀರೇಶ ಬಾಗಿಲ ಹತ್ತಿರದ ಲ್ಯಾಪ್‌ಟಾಪಿನ ಕಡೆ ತಿರುಗಿ ನೋಡಿದ.

"ಇನ್ನೂ ಆಡು ಅನ್ನೂದನ್ನ."

"ಯಾಕ?"

ಯಾಕೆ ಎಂದು ಅವನು ತನ್ನನ್ನು ತಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿಕೊಂಡಾಗ ಉತ್ತರ ಅಲ್ಲೇ ಇತ್ತು.

"ಅಂಜಿಕಿ ಬಂತ್ರಿ. ಆಟ ಮುಗದ್ರ ದೀಕ್ಷಾ. ದೀಕ್ಷಾ ಆದ ಮ್ಯಾಲ ಫಕೀರೇಶ ಅನ್ನಾವ ಇರಂಗಿಲ್ಲ. ಇನ್ನೊಂದ ಪಾಳಿ ಇರ್ಲಿ ಅನಿಸಿತು."

ಹೇಳಿದ ಮೇಲೆ ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. "ಅಪರಾಧ ನನ್ನದು. ಆರ ದಿನ ನಿಮ್ಮ ಮ್ಯಾಲ ಕಣ್ಣಿಟ್ಟ ಕುಂತಿದ್ದೆ."

"ಗೋಡಿ ಎಷ್ಟ ಎತ್ತರ ಆತು?"

"ಮೂರ ಸುತ್ತ ಆಗೇತ್ರಿ."

"ಅದರ ಹೊರಗ ಯಾರ ಅದಾರು?"

"ಯಾರೂ ಇಲ್ರಿ."

ಅಜ್ಜಾರು ಮತ್ತೇನೂ ಕೇಳಲಿಲ್ಲ. ಫಕೀರೇಶ ಬಾಗಿಲ ಹತ್ತಿರ ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತ, ಕೂಡಲೇ ಎದ್ದು ಬಂದ.

"ಮುಗೀತ್ರಿ."

"ಎಷ್ಟೊತ್ತು ಹಿಡೀತು?"

"ಒಂದ ಬೆರಳ ಒತ್ತೂವಷ್ಟ್ರಿ."

ದ್ಯಾಮವ್ವ ಮೂಗು ಅರಳಿಸಿದಳು. "ಅನ್ನ ಆತ್ರಿ."

ಈ ಸಲ ಎಲ್ಲರಿಗಿಂತ ಮೊದಲು ಎಲೆ ತರಲು ಹೊರಟವನು ಫಕೀರೇಶ. ಅಜ್ಜಾರು ಅವನನ್ನು ತಡೆದು, ಕಾವಿ ಬಟ್ಟೆಯನ್ನು ಅವನ ಹೆಗಲ ಮೇಲೆ ಇಟ್ಟರು. "ನಾಳೆ ಸೂರ್ಯ ಹುಟ್ಟೂಕಿಂತ ಮೊದಲ ಜಳಕಾ ಮುಗಸು," ಅಂದರು. ಅವನ ಕಣ್ಣು ತುಂಬಿ ಬಂತು.

ಆಮೇಲೆ ಲ್ಯಾಪ್‌ಟಾಪನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಇನ್ನ ಇದು ನನ್ನ ಟ್ರಂಕಿನಾಗ ಬ್ಯಾಡ. ನಿನ್ನ ಖೋಲಿಯೊಳಗ ಇರ್ಲಿ."

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಫಕೀರೇಶ ಕಣ್ಣು ಒರೆಸಿಕೊಂಡು, ಲ್ಯಾಪ್‌ಟಾಪನ್ನೂ ಅಜ್ಜಾರನ್ನೂ ಒಮ್ಮೆ ನೋಡಿದ.

"ಇದೂ ಪರೀಕ್ಷಾ ಏನ್ರಿ, ಅಜ್ಜಾರ?"

ಅಜ್ಜಾರು ನಕ್ಕರು.

"ಅನುಮಾನ ಬಿಡಬ್ಯಾಡಪಾ, ಮುಂದೂ ಬೇಕಾಗತೈತಿ. ನನ್ನ ಮ್ಯಾಲಿಂದ ತಗದು, ಇನ್ನೂ ಆಡು ಅಂತ ಒತ್ತಿದ ಆ ಬೆರಳಿನ ಮ್ಯಾಲ ಇಡು."